ಕೆಂಪಾಜಮ್ಮನ ಚೌಕಟ್ಟು

ನನ್ನ ಭಾವ ಮರಿಯಯ್ಯ ಕೆತ್ತಿದ ಚೌಕಟ್ಟಿನಲ್ಲಿ ಕೂರಿಸಿದರೆ ಕತ್ತೆಯ ಪಟವೂ ದಿವಾನರ ಪಟದಂತೆ ಕಾಣುತ್ತಿತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ದೊಡ್ಡ ಮನೆಗಳಲ್ಲೆಲ್ಲ ಅವನ ಕೈಕೆಲಸವೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಈ ಪುಣ್ಯಾತ್ಮನಿಗೆ ಹೆತ್ತದ್ದಕ್ಕಿಂತ ಕೆತ್ತಿದ್ದೇ ಮುದ್ದು ಎಂದು ಗಾವಡಗೆರೆ ಊರೇ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ಇನ್‌ಫ್ಲುಯೆಂಜಾ ಜ್ವರದ ವರ್ಷ. ಪಟೇಲರ ತಾಯಿ ಕೆಂಪಾಜಮ್ಮ ಉಳಿಯುವುದಿಲ್ಲವೆಂದು, ಮಗ ಆಕೆಯ ಪಟಕ್ಕೆ ಮೊದಲೇ ಚೌಕಟ್ಟು ಕೆತ್ತಲು ಹೇಳಿದ. ಮರಿಯಯ್ಯ ಬೀಟೆಮರ ತಂದು ತಿಂಗಳು ಕೂತು, ಸುತ್ತಲೂ ಮಲ್ಲಿಗೆ ಬಳ್ಳಿ, ನೆತ್ತಿಯ ಮೇಲೊಂದು ಗಿಣಿ ಕೆತ್ತಿದ. ಅಷ್ಟರಲ್ಲಿ ಮುದುಕಿ ಗುಂಡುಕಲ್ಲಿನಂತೆ ಎದ್ದು ಕೂತು, ಆ ಅಪಶಕುನ ನನ್ನ ಹೊಸ್ತಿಲು ತುಳಿಯಕೂಡದು ಎಂದಳು. ಚೌಕಟ್ಟು ಭಾವನ ಗೋಡೆಯಲ್ಲೇ ಉಳಿಯಿತು.

ವಾರಕ್ಕೆ ಅವನ ಏಳು ವರ್ಷದ ಮಗಳು ಸಿದ್ದಿ ಜ್ವರದಲ್ಲಿ ಮಲಗಿದಳು. ಸಾವಿಗೆಂದು ಕೆತ್ತಿದ ಚೌಕಟ್ಟು ಖಾಲಿ ಇದ್ದರೆ ಮುಖ ಹುಡುಕುತ್ತದೆ ಎಂದು ನಮ್ಮ ಹೆಂಗಸರ ನಂಬಿಕೆ. ಅದಕ್ಕೆ ದೇವರ ಪಟ ಹಾಕುವಂತೆಯೂ ಇಲ್ಲ. ಅಕ್ಕ ಭದ್ರಮ್ಮ ಗಂಡನ ಕಾಲು ಹಿಡಿದಳು.

"ಮರ ಬೇಕಾದಷ್ಟವೆ. ನಂಗಿರೋಳು ಇವಳೊಬ್ಬಳು. ಅದ್ನ ಒಲೆಗಾಕಿ."

ಅವನು ಮೂರು ಸಲ ಒಲೆಯವರೆಗೆ ಒಯ್ದ. ಮೂರು ಸಲವೂ ಗಿಣಿಯ ಮೈ ಸವರಿ ವಾಪಸು ತಂದ. ಕೊನೆಗೊಂದು ಉಪಾಯ ಹೂಡಿದ: ಖಾಲಿ ಇರಬಾರದು ತಾನೇ? ಹುಣಸೂರಿಗೆ ಓಡಿ ಕನ್ನಡಿ ತಂದು ಚೌಕಟ್ಟಿಗೆ ಕೂರಿಸಿ, ಮೊದಲಿದ್ದ ಮೊಳೆಗೇ ತೂಗುಹಾಕಿದ. ಅವನ ಜಾಣತನಕ್ಕೆ ನಾನೂ ತಲೆದೂಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸಂಜೆ ನೀರು ಕುಡಿಸಲು ಅಕ್ಕ ಮಗುವನ್ನು ಎತ್ತಿ ಕೂರಿಸಿದಳು. ಸಿದ್ದಿ ಎದುರಿನ ಗೋಡೆಯನ್ನೇ ನೋಡಿದಳು. ಎಷ್ಟೋ ದಿನದ ಮೇಲೆ ನಕ್ಕಳು.

"ಅಪ್ಪಾ, ನನ್ ಪಟ ಎಷ್ಟ್ ಚೆಂದಾಗದೆ."

ಮರಿಯಯ್ಯ ಚೌಕಟ್ಟನ್ನು ಕಿತ್ತು ಹಿತ್ತಿಲಿಗೆ ಓಡಿದ. ಕನ್ನಡಿ ಒಡೆದ. ಬಳ್ಳಿ, ಗಿಣಿ ಎನ್ನದೆ ಕೊಡಲಿಯಲ್ಲಿ ಕಡಿದು ನೀರೊಲೆಗೆ ತುಂಬಿದ. ಬೀಟೆ ಬೇಗ ಹತ್ತುವ ಮರವಲ್ಲ. ಅವನು ನೆಲಕ್ಕೆ ಬಗ್ಗಿ ಊದಿದ, ಹೊಗೆಗೆ ಕೆಮ್ಮಿದ, ಹತ್ಕೋ ಹತ್ಕೋ ಎಂದು ಆ ಮರವನ್ನೇ ಬೇಡಿದ. ನಾನು ಚೆದುರಿದ ಚಕ್ಕೆಗಳನ್ನು ಆಯ್ದು ಒಲೆಗೆ ಕೊಟ್ಟೆ.

ಒಳಗಿಂದ ಅಕ್ಕನ ಕೂಗು ಕೇಳಿದಾಗ ಗಿಣಿಯ ಕೊಕ್ಕಿಗಷ್ಟೇ ಬೆಂಕಿ ಹತ್ತಿತ್ತು. ನಾನು ಓಡಿದೆ. ಅವನು ಏಳಲಿಲ್ಲ, ಊದುತ್ತಲೇ ಇದ್ದ.