ಫರ್ನೇಸಿನ ಬ್ಲೋವರ್ ಮತ್ತು ಸುಶೀಲಮ್ಮನ ಕರಿಬೇವು

ಜುಲೈ ತಿಂಗಳ ಒಂದು ಮಧ್ಯಾಹ್ನ, ಕೊಲ್ಲಿ ದೇಶದ ಮುಸಫ್ಫಾದಲ್ಲಿ ನಮ್ಮ ಅಂಗಡಿಯ ಹೊರಗೆ ನಲವತ್ತೆಂಟು ಡಿಗ್ರಿ ಬಿಸಿಲಿದ್ದಾಗ, ಮನೆ ಬೆಚ್ಚಗೆ ಮಾಡುವ ಫರ್ನೇಸಿಗೆ ಬ್ಲೋವರ್ ಬೇಕೆಂದು ಯಾರೋ ಫೋನ್ ಮಾಡಿದರು. ನಾನು ಫೋನ್ ಇಟ್ಟುಬಿಟ್ಟೆ. ಏಸಿ ಬಿಡಿಭಾಗ ಮಾರುವವರ ತಲೆ ತಿನ್ನಲು ಈ ದೇಶದಲ್ಲಿ ದಿನಕ್ಕೊಬ್ಬರು ಇದ್ದೇ ಇರುತ್ತಾರೆ. ಎರಡನೇ ಸಲ ಅದೇ ನಂಬರಿನಿಂದ ಕನ್ನಡ ಕೇಳಿಸಿತು. ಬೈಯುವುದಕ್ಕೆ ಸುಲಭವಾಯಿತೆಂದು ಈ ಸಲ ಪೂರ್ತಿ ಕೇಳಿಸಿಕೊಂಡೆ.

ಅವರ ಹೆಸರು ಶ್ರೀನಿವಾಸಮೂರ್ತಿ, ಊರು ಮೈಸೂರು. ರುವೈಸಿನ ರಿಫೈನರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಎಷ್ಟೋ ವರ್ಷಗಳ ಹಿಂದೆ ಅವರ ಕಂಪನಿಯವರು ಯಾವುದೋ ಹಿಮ ಬೀಳುವ ದೇಶದಿಂದ ಆರು ಸಿದ್ಧ ಮನೆಗಳನ್ನು ತರಿಸಿದ್ದರಂತೆ. ನಕ್ಷೆಯಲ್ಲಿ ಇದ್ದದ್ದನ್ನೆಲ್ಲ ಗುತ್ತಿಗೆದಾರ ಚಾಚೂ ತಪ್ಪದೆ ಜೋಡಿಸಿದ. ಹಾಗಾಗಿ ಮರಳುಗಾಡಿನ ಆರು ಮನೆಗಳಿಗೆ ಒಂದೊಂದು ಗ್ಯಾಸ್ ಫರ್ನೇಸು ಬಂತು. ಒಳಗೆ ಗ್ಯಾಸು ಉರಿದು ಮನೆ ಬಿಸಿಯಾಗಬೇಕು, ಹೊಗೆಯನ್ನು ಒಂದು ಸಣ್ಣ ಬ್ಲೋವರ್ ಕೊಳವೆಯ ಮೂಲಕ ಗೋಡೆಯಾಚೆ ತಳ್ಳಬೇಕು. ಅದನ್ನು ಈವರೆಗೆ ಯಾರೂ ಹೊತ್ತಿಸಿರಲಿಲ್ಲ.

ಈ ವರ್ಷ ಹೊಸ ನಿಯಮ ಬಂದಿತ್ತು. ಮನೆಯ ಪಟ್ಟಿಯಲ್ಲಿರುವ ಪ್ರತಿಯೊಂದು ಯಂತ್ರವೂ ಓಡಬೇಕು. ಓಡದಿದ್ದರೆ ಮನೆ ವಾಸಕ್ಕೆ ಅಯೋಗ್ಯ, ಇರುವವರು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಫ್ಲಾಟಿಗೆ ಹೋಗಬೇಕು. ಮೂರ್ತಿಯವರ ಫರ್ನೇಸಿನ ಬ್ಲೋವರ್ ಸ್ವಿಚ್ಚು ಹಾಕಿದರೂ ಮಿಸುಕಲಿಲ್ಲ. ಫ್ಲಾಟಿಗೆ ಹೋಗಲು ಮೂರ್ತಿಯವರಿಗೇನೂ ಅಡ್ಡಿಯಿರಲಿಲ್ಲ. ತೊಂದರೆ ಇದ್ದದ್ದು ಅವರ ಹೆಂಡತಿ ಸುಶೀಲಮ್ಮನ ಕರಿಬೇವಿನ ಗಿಡದ್ದು. ಅಲ್ ಮೀನಾದ ಗಿಡದ ಅಂಗಡಿಗಳಿಂದ ತಂದ ಐದು ಸಸಿ ಸತ್ತು, ಆರನೆಯದು ಹಿತ್ತಿಲ ಗೋಡೆಯ ನೆರಳಲ್ಲಿ ಹೇಗೋ ಬದುಕಿತ್ತು. ಅದಕ್ಕೀಗ ಹದಿನಾರು ವರ್ಷ. ರುವೈಸಿನ ಅಷ್ಟೂ ಕನ್ನಡದ ಮನೆಗಳ ಒಗ್ಗರಣೆಗೆ ಸೊಪ್ಪು ಅದರಿಂದಲೇ ಹೋಗುತ್ತಿತ್ತು. ಗಂಡನ ಕೈಯಿಂದ ಫೋನ್ ಕಸಿದುಕೊಂಡ ಸುಶೀಲಮ್ಮ, "ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಕಣಮ್ಮ. ಕರಿಬೇವಿನ ಆಂಟಿ ಅಂದ್ರೆ ಎಲ್ಲಾರಿಗೂ ಗೊತ್ತು. ನನ್ನನ್ನ ಫ್ಲಾಟಿಗೆ ಕಳಿಸ್ಬೇಡ" ಎಂದರು. ಬೈಯುವುದನ್ನು ಬಿಟ್ಟು ನಾನು ಪೆನ್ನು ಕಾಗದ ಎಳೆದುಕೊಂಡೆ.

ಬ್ಲೋವರಿನ ಮೇಲಿನ ತಗಡಿನಲ್ಲಿ ಮಾದರಿಯ ನಂಬರ್ ಇರುತ್ತದೆ, ಅದರ ಫೋಟೋ ಕಳಿಸಿ ಎಂದೆ. ಬಂದ ಫೋಟೋದಲ್ಲಿ ಬ್ಲೋವರೇ ಕಾಣಲಿಲ್ಲ. ಹಾರ, ಅರಿಸಿನ, ಮೂರು ಪಟ್ಟೆ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ. ಫರ್ನೇಸು ಮನೆಯ ಆಗ್ನೇಯ ಮೂಲೆಯಲ್ಲಿತ್ತು, ಅಗ್ನಿಯಿಂದ ಓಡುವ ಯಂತ್ರ ಬೇರೆ. ಹೀಗಾಗಿ ಪ್ರತಿ ಆಯುಧಪೂಜೆಗೂ ಕಾರಿಗಿಂತ ಮೊದಲು ಅದಕ್ಕೇ ಪೂಜೆ ಆಗುತ್ತಿತ್ತಂತೆ. ಒರೆಸಿ ಇನ್ನೊಂದು ಫೋಟೋ ಕಳಿಸಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಹುಣಸೆಹಣ್ಣು ಹಾಕಿ ತಿಕ್ಕಿದರು. ಕುಂಕುಮದ ಜೊತೆ ನಂಬರೂ ಹೋಯಿತು.

ಇನ್ನು ಅಳತೆಯಿಂದಲೇ ಹುಡುಕಬೇಕು. ಸ್ಕ್ರೂ ತೂತುಗಳ ನಡುವಿನ ದೂರ, ಬಾಯಿಯ ಅಗಲ ಹೇಳಿ ಎಂದರೆ ಮೂರ್ತಿಯವರು ಒಂದು ಗೇಣು, ಗೇಣಿಗೆ ಎರಡು ಬೆರಳು ಕಡಿಮೆ ಎಂದರು. ಯಾರ ಗೇಣು ಎಂದು ಕೇಳಿದ್ದಕ್ಕೆ ಗಂಡ ಹೆಂಡತಿ ಇಬ್ಬರದ್ದೂ ಬೇರೆ ಬೇರೆ ಹೇಳಿದರು. ವೋಲ್ಟೇಜು ನನಗೇ ಹೊಳೆಯಿತು: ಫೋಟೋದಲ್ಲಿ ಫರ್ನೇಸಿನ ಪಕ್ಕ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಇದೆ ಎಂದಮೇಲೆ ಮೋಟಾರು ಆ ದೇಶದ ನೂರಿಪ್ಪತ್ತು ವೋಲ್ಟಿನದ್ದೇ. ಉಳಿದದ್ದು ಬ್ಲೋವರಿನೊಳಗಿನ ಗಾಳಿಚಕ್ರ ಯಾವ ಕಡೆ ತಿರುಗುತ್ತದೆ ಎಂಬ ಪ್ರಶ್ನೆ. ಬಲಕ್ಕೆ ತಿರುಗುವುದರ ಬಾಯಿ ಒಂದು ಕಡೆ, ಎಡಕ್ಕೆ ತಿರುಗುವುದರ ಬಾಯಿ ಇನ್ನೊಂದು ಕಡೆ. ಇದರಲ್ಲಿ ಮಾತ್ರ ಮೂರ್ತಿಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಬಲಕ್ಕೇ ಕಣಮ್ಮ. ಹದಿನಾರು ವರ್ಷದಿಂದ ನಾನೇ ತಿರುಗಿಸ್ತಾ ಇದ್ದೀನಿ."

ಹದಿನಾರು ವರ್ಷದ ಅನುಭವ ಎಂದು ನಾನೂ ನಂಬಿದೆ. ಬಲಸುತ್ತಿನ ಬ್ಲೋವರನ್ನು ಅವರ ಕಂಪನಿ ಬಸ್ಸಿನಲ್ಲಿ ಕಳಿಸಿಕೊಟ್ಟೆ. ಎರಡು ದಿನ ಬಿಟ್ಟು ಫೋಟೋ ಬಂತು. ಹೊಗೆ ಕೊಳವೆ ಎಡಗಡೆ, ನಾನು ಕಳಿಸಿದ ಬ್ಲೋವರಿನ ಬಾಯಿ ಬಲಗಡೆ. ಅದಕ್ಕಾಗಲೇ ಕುಂಕುಮವನ್ನೂ ಇಟ್ಟಿದ್ದರು. ವಿಚಾರಿಸಿದಾಗ ತಿಳಿಯಿತು: ಪೂಜೆಯ ದಿನ ಮುಚ್ಚಳ ತೆಗೆದು ಚಕ್ರವನ್ನು ಬೆರಳಿನಿಂದ ಮೂರು ಸುತ್ತು ಪ್ರದಕ್ಷಿಣೆ ಹಾಕಿಸುತ್ತಿದ್ದರು. ಪ್ರದಕ್ಷಿಣೆ ಎಡಕ್ಕೆ ಹಾಕುವುದುಂಟೇ? ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು, ಆದರೆ ಕೇಳದೆ ನಂಬಿದವಳು ನಾನೇ.

ತಪಾಸಣೆ ಶನಿವಾರ ಮೂರು ಗಂಟೆಗೆ ಇತ್ತು. ಆ ಬೆಳಿಗ್ಗೆ ನಾಲ್ಕು ಬ್ಲೋವರುಗಳನ್ನು ಕಾರಿಗೆ ಹಾಕಿಕೊಂಡು ನಾನೇ ರುವೈಸಿಗೆ ಹೊರಟೆ. ಹಳೆಯ ಬ್ಲೋವರನ್ನು ಬಿಚ್ಚಿದರೆ ಒಳಗೆ ಅರಿಸಿನ, ಕುಂಕುಮ, ಎಣ್ಣೆ ಸೇರಿ ಇಟ್ಟಿಗೆಯಾಗಿತ್ತು. ಒಂದು ಕಡೆ ನಿಂಬೆಹಣ್ಣಿನ ಒಣಗಿದ ಹೋಳು. ತೊಳೆದ ಮೇಲೆ ಬಾಯಿ ಯಾವ ಕಡೆಗಿದೆ, ಚಕ್ರದ ಎಲೆಗಳು ಯಾವ ಕಡೆ ಬಾಗಿವೆ ಎಂದು ಕಂಡಿತು. ಎಡಸುತ್ತು. ನಾಲ್ಕರಲ್ಲಿ ಮೂರನೆಯದು ಸ್ಕ್ರೂ ತೂತಿನಿಂದ ಕೊಳವೆಯ ಬಾಯಿಯವರೆಗೆ ಸರಿಯಾಗಿ ಕೂತಿತು. ಮೂರ್ತಿಯವರು ಕುಂಕುಮದ ಬಟ್ಟಲು ತಂದರು, ನಾನು ಕೈ ಹಿಡಿದು ನಿಲ್ಲಿಸಿದೆ.

ತಪಾಸಣೆಗೆ ಬಂದವರು ವಸತಿ ವಿಭಾಗದ ಯುಜಿನ್. ಮಂಗಳೂರಿನವರು, ಟೈ ಕಟ್ಟಿಕೊಂಡಿದ್ದರು, ಕೈಯಲ್ಲಿ ಎರಡು ಪುಟದ ಫಾರಂ. ಮನೆ ತಣ್ಣಗಾದರೆ ಮಾತ್ರ ಫರ್ನೇಸು ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ಎರಡೂ ಏಸಿಗಳನ್ನು ಹದಿನಾರಕ್ಕೆ ಇಟ್ಟು ನಾವು ನಾಲ್ವರೂ ಕಂಬಳಿ ಹೊದ್ದು ಸೋಫಾದಲ್ಲಿ ಕೂತೆವು. ಕಿಟಕಿಯ ಹೊರಗೆ ಹಕ್ಕಿಯೂ ಹಾರುತ್ತಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬ್ಲೋವರ್ ಗುಂಯ್ ಎಂದಿತು, ಗಾಳಿ ಸಾಕಾಯಿತೆಂದು ಸ್ವಿಚ್ಚು ಟಕ್ಕೆಂದಿತು, ಒಳಗೆ ನೀಲಿ ಜ್ವಾಲೆ ಎದ್ದಿತು. ಸುಶೀಲಮ್ಮ ನನ್ನ ಕೆನ್ನೆ ಸವರಿದರು. ನನಗೆ ನಿಜವಾಗಿಯೂ ಖುಷಿಯಾಯಿತು. ಅಷ್ಟು ಸೊಗಸಾಗಿ ಕೂತ ಬ್ಲೋವರನ್ನು ನಾನು ನೋಡಿಯೇ ಇರಲಿಲ್ಲ.

ಯುಜಿನ್ ಮೊದಲ ಪುಟದಲ್ಲಿ ಗುರುತು ಹಾಕಿ, ಹೊಗೆ ಎಲ್ಲಿ ಹೋಗುತ್ತದೆ ನೋಡೋಣ ಎಂದು ಹಿತ್ತಿಲಿಗೆ ನಡೆದರು. ಗೋಡೆಯ ಕೊಳವೆಯಿಂದ ಬಿಸಿಗಾಳಿ ನೇರವಾಗಿ ಕರಿಬೇವಿನ ಗಿಡದ ಮೇಲೆ ಬೀಸುತ್ತಿತ್ತು. ಯುಜಿನ್ ಎರಡನೇ ಪುಟ ತಿರುಗಿಸಿದರು. ಓಡುವ ಫರ್ನೇಸಿನ ಕೊಳವೆಯ ಮುಂದೆ ಒಂದು ಮೀಟರಿನೊಳಗೆ ಯಾವ ಗಿಡವೂ ಇರಕೂಡದು. ಮೂರು ದಿನದೊಳಗೆ ಬುಡಸಮೇತ ತೆಗೆಸಬೇಕು.

ಕೊಳವೆ ಬೇರೆ ಕಡೆ ತಿರುಗಿಸಬಹುದಲ್ಲ ಎಂದು ನಾನು ಜಗಳಕ್ಕೇ ನಿಂತೆ. ಅದಕ್ಕೆ ಮನೆ ಮಾಡಿದ ಕಂಪನಿಯ ಒಪ್ಪಿಗೆ ಬೇಕಂತೆ, ಆ ಕಂಪನಿ ಮುಚ್ಚಿ ಹತ್ತು ವರ್ಷವಾಗಿತ್ತು. ಕಿತ್ತು ಬೇರೆ ಕಡೆ ನೆಡೋಣವೆಂದರೆ ಜುಲೈ ಬಿಸಿಲಿಗೆ ಅಷ್ಟು ದೊಡ್ಡ ಗಿಡ ಉಳಿಯುವುದಿಲ್ಲ. ಇನ್ನು ಮೇಲೆ ಹೊತ್ತಿಸುವುದೇ ಇಲ್ಲ ಎಂದು ಮೂರ್ತಿಯವರು ಬರೆದುಕೊಡಲು ಹೊರಟರು. ಫಾರಂನಲ್ಲಿ ಓಡುತ್ತದೆ, ಓಡುವುದಿಲ್ಲ ಎಂದು ಎರಡೇ ಚೌಕಗಳಿದ್ದವು. ಯುಜಿನ್ ಕೆಟ್ಟವರಲ್ಲ, ಅವರ ಮನೆಯ ಒಗ್ಗರಣೆಗೂ ಆ ಗಿಡದ್ದೇ ಸೊಪ್ಪು. ಅವರು ತಲೆಯೆತ್ತದೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದರು.

ಸುಶೀಲಮ್ಮ ಗಿಡದ ಮೇಲೆ ಬೀಸುವ ಬಿಸಿಗಾಳಿಗೆ ಸೆರಗು ಅಡ್ಡ ಹಿಡಿದರು. ಆಮೇಲೆ ಕೇಳಿದರು, "ಓಡದೇ ಇದ್ರೆ ಗಿಡಕ್ಕೆ ಏನೂ ಮಾಡಲ್ವಾಪ್ಪಾ?"

"ಓಡದ ಫರ್ನೇಸಿನ ಎದುರು ಎಂತ ಬೇಕಾದ್ರೂ ಇರ್ಬಹುದು ಆಂಟಿ. ಮನೆಗೆ ಬೀಗ ಹಾಕ್ತಾರೆ, ಅಷ್ಟೆ. ಹೊರಗಿನ ನೀರಿನ ಪೈಪು ಹಾಗೇ ಇರ್ತದೆ."

ಸುಶೀಲಮ್ಮ ನನ್ನ ಕಡೆ ತಿರುಗಿದರು. "ಬಿಚ್ಚಮ್ಮ ಅದನ್ನ."

ಮೂರ್ತಿಯವರು ಹೆಂಡತಿಯ ಮೊಣಕಾಲು ನೋವಿನ ಮಾತು ತೆಗೆದರು. ದೇವರ ಮನೆಗೆ ಒಂದು ಮೆಟ್ಟಿಲಿದ್ದರೂ ಗೋಡೆ ಹಿಡಿದು ಹತ್ತುವವಳು ಮೂರು ಮಹಡಿ ಹೇಗೆ ಹತ್ತುತ್ತೀ ಎಂದರು.

"ಹತ್ತೋಕೆ ನನಗೆ ಕಾಲಾದ್ರೂ ಇದೆ. ಅದಕ್ಕಿಲ್ಲವಲ್ಲಾ" ಎಂದರು ಸುಶೀಲಮ್ಮ.

ನಾನು ಬಿಚ್ಚಿದೆ. ಬ್ಲೋವರ್ ಇನ್ನೂ ಬೆಚ್ಚಗಿತ್ತು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಫರ್ನೇಸನ್ನು ಒಂದು ಸಲ ಒದ್ದೆ. ಯುಜಿನ್ ಹಳೆಯ ಗುರುತಿನ ಮೇಲೆ ಗೀಟು ಹಾಕಿ ಪಕ್ಕದ ಚೌಕಕ್ಕೆ ಗುರುತು ಹಾಕಿ, ಅದರ ಕೆಳಗೆ ಸಹಿ ಮಾಡಿದರು. ಕಾರಿನವರೆಗೂ ಬಂದು, ತಾನು ಇವತ್ತು ಮನೆಗೆ ಹೋಗಿ ಊಟ ಮಾಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿದರು.

ಬ್ಲೋವರನ್ನು ಅಂಗಡಿಯ ಲೆಕ್ಕಕ್ಕೆ ವಾಪಸ್ಸು ಸೇರಿಸಬೇಕಿತ್ತು. ಎರಡು ವಾರ ಮುಂದೂಡಿ, ಕೊನೆಗೊಂದು ದಿನ ಕಂಪ್ಯೂಟರಿನಲ್ಲಿ ವಾಪಸಾತಿಯ ಫಾರಂ ತೆರೆದೆ. ಕಂಪ್ಯೂಟರ್ ಕಾರಣ ಕೇಳಿತು: ಒಡೆದಿದೆ, ಹೊಂದಲಿಲ್ಲ, ಓಡಲಿಲ್ಲ. ನಾಲ್ಕನೆಯದು ಇರಲಿಲ್ಲ, ಬಿಟ್ಟು ಮುಂದೆ ಹೋಗಲೂ ಬಿಡಲಿಲ್ಲ. ಏನು ಬರೆಯಲಿ ಎಂದು ಕೇಳುವ ನೆಪದಲ್ಲಿ ಸುಶೀಲಮ್ಮನಿಗೆ ಫೋನ್ ಮಾಡಿದೆ. ಅವರು ಏದುಸಿರು ಬಿಡುತ್ತಿದ್ದರು.

"ಎರಡನೇ ಮಹಡೀಲಿ ಇದ್ದೀನಿ ಕಣಮ್ಮ, ಇಳೀತಾ ಇದ್ದೀನಿ. ಗಿಡ ನೋಡ್ಕೊಂಡು ಬಂದು ಮಾತಾಡ್ತೀನಿ."

ಹತ್ತುವಾಗ ಹೇಗೆ ಮಾಡುತ್ತೀರಿ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟರು. ನಾನು ಮೂರನೇ ಚೌಕಕ್ಕೆ ಗುರುತು ಹಾಕಿದೆ, ಓಡಲಿಲ್ಲ ಎಂದು.