ದೀಪದ ದಿಬ್ಬದ ಎರಡನೇ ತಿರುವು

ಝಿಪ್ಪಿ ಕಾರ್ಟ್ ಎಂಬ ವಿಡಿಯೊ ಗೇಮು ಇಲ್ಲಿಯವರೆಗೆ ಐದು ಸಲ ಹೊಸದಾಗಿ ಬಂದಿದೆ. ಐದರಲ್ಲೂ ಕೊನೆಯ ಟ್ರ್ಯಾಕ್ ಒಂದೇ, ಲ್ಯಾಂಟರ್ನ್ ರಿಜ್. ಬೆಟ್ಟದ ನೆತ್ತಿಯ ಮೇಲೆ ಹಗ್ಗ ಎಳೆದ ಹಾಗೆ ಕಿರಿದಾದ ದಾರಿ. ಎರಡೂ ಬದಿಗೆ ತಡೆಗೋಡೆಯಿಲ್ಲ, ಕೆಳಗೆ ಮಂಜು, ದಾರಿಯುದ್ದಕ್ಕೂ ತೂಗುಹಾಕಿದ ಕಾಗದದ ದೀಪಗಳು. ಒಂಚೂರು ಹೆಚ್ಚುಕಡಿಮೆಯಾದರೆ ಕಾರ್ಟು ಮಂಜಿನೊಳಗೆ ಬಿದ್ದುಹೋಗುತ್ತದೆ. ಬಿಳಿ ಕೊಕ್ಕರೆಯೊಂದು ಬಂದು ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮತ್ತೆ ದಾರಿಯ ಮೇಲಿಡುವಷ್ಟರಲ್ಲಿ ಉಳಿದವರು ಎಷ್ಟೋ ಮುಂದೆ ಹೋಗಿರುತ್ತಾರೆ. ಪ್ರತಿ ಸಲವೂ ದೀಪಗಳ ಬಣ್ಣ ಬದಲಾಗುತ್ತದೆ, ಬೆಟ್ಟ ಇನ್ನಷ್ಟು ಎತ್ತರವಾಗುತ್ತದೆ. ಮೂರು ಕಡಿದಾದ ತಿರುವುಗಳನ್ನು ಮಾತ್ರ ಆಟ ತಯಾರಿಸಿದವರು ಇವತ್ತಿಗೂ ಬದಲಾಯಿಸಿಲ್ಲ.

ತುಮಕೂರಿನ ಮನೆಯಲ್ಲಿ ಸಿಂಧೂರ ಮತ್ತು ಅವಳ ಅಣ್ಣ ಪುನೀತ ಆ ಟ್ರ್ಯಾಕಿಗೆ ದೀಪದ ದಿಬ್ಬ ಎಂದು ಹೆಸರಿಟ್ಟಿದ್ದರು. ಆಗ ಅವನಿಗೆ ಹನ್ನೆರಡು, ಅವಳಿಗೆ ಎಂಟು. ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರಾಗಿದ್ದ ಅಪ್ಪ ಅನಂತರಾಮು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ, ಯಾರೋ ಆಡಿಬಿಟ್ಟ ಗೇಮ್ ಪೆಟ್ಟಿಗೆಯನ್ನು ತಂದುಕೊಟ್ಟಿದ್ದರು. ಆ ಕಾಲದಲ್ಲಿ ಗೆಲ್ಲುತ್ತಿದ್ದವನು ಪುನೀತನೇ. ಎರಡನೇ ತಿರುವಿನಲ್ಲಿ ತಿರುಗದೆ ನೇರ ಹಾರಿದರೆ ಮೂರನೇ ತಿರುವಿನ ಆಚೆ ಬೀಳಬಹುದು ಎಂಬ ಗುಟ್ಟನ್ನು ಕಂಡುಹಿಡಿದವನೂ ಅವನೇ. ತಂಗಿಗೆ ಅದನ್ನು ಒಂದು ವರ್ಷ ಹೇಳಿರಲಿಲ್ಲ.

ಪೆಟ್ಟಿಗೆ ತಂದ ಮಾರನೇ ವರ್ಷ ಅನಂತರಾಮು ಅವರ ನಡಿಗೆ ತೂರಾಡತೊಡಗಿತು. ಕೆಮ್ಮಿಗೆ ಕಷಾಯ ಬಿಟ್ಟು ಬೇರೇನನ್ನೂ ಕುಡಿಯದ ಮನುಷ್ಯ, ಕ್ಲಾಸಿಗೆ ಕುಡಿದು ಬರುತ್ತಾರೆ ಎಂದು ಹುಡುಗರು ಆಡಿಕೊಂಡರು. ಪ್ರಿನ್ಸಿಪಾಲರು ಒಂದು ದಿನ ಕೋಣೆಗೆ ಕರೆದು ಹತ್ತಿರ ನಿಂತು ಉಸಿರು ಬಿಡಿಸಿ ನೋಡಿದರು. ರೋಗಕ್ಕೆ ಹೆಸರು ಸಿಗುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಸವೆಯುತ್ತ ಹೋಗುವ ರೋಗ, ಔಷಧವಿಲ್ಲ, ರಕ್ತದಲ್ಲಿ ಬರುತ್ತದೆ, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ಡಾಕ್ಟರು ವಿವರಿಸಿದರು. ಸಿಂಧೂರ ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು.

ಪುನೀತ ಎಂಜಿನಿಯರಿಂಗ್ ಮುಗಿಸಿ ಪುಣೆಯ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಸೇರಿದ. ಸಿಂಧೂರ ಆಮೇಲೆ ಪುಣೆಯಲ್ಲೇ, ಮಗರಪಟ್ಟಾದಲ್ಲಿ ಕೆಲಸ ಹಿಡಿದಳು. ಆಟದ ನಾಲ್ಕನೇ ಆವೃತ್ತಿ ಬಂದ ವರ್ಷ ಅವನಿಗೆ ಇಪ್ಪತ್ತೊಂಬತ್ತು. ಒಂದು ಭಾನುವಾರ ಅವನು ದೀಪದ ದಿಬ್ಬದ ಎರಡನೇ ತಿರುವಿನಲ್ಲಿ ಮೂರು ಸಲ ಬಿದ್ದ. ರಿಮೋಟ್ ಹಾಳಾಗಿದೆ ಎಂದು ಹೊಸದನ್ನು ತಂದ. ಅದರಲ್ಲೂ ಬಿದ್ದ. ತಿಂಗಳೊಳಗೆ ಕಾರ್ಖಾನೆಯ ಮೆಟ್ಟಿಲ ಮೇಲೂ ಬಿದ್ದ ಮೇಲೆ ರಕ್ತ ಪರೀಕ್ಷೆಗೆ ಕೊಟ್ಟ. ವರದಿ ಬಂದ ದಿನ ಸಿಂಧೂರ ಅವನ ಪಕ್ಕ ಕೂತು ಒಂದೇ ಮಾತು ಹೇಳಿದ್ದಳು.

"ನನ್ನ ವಿಷಯ ನನಗೆ ಗೊತ್ತಾಗೋದು ಬೇಡ ಅಣ್ಣ. ಬರೋ ಹಾಗಿದ್ರೆ ಬರ್ಲಿ. ಅಲ್ಲೀವರೆಗೂ ನಾನು ತಿಳ್ಕೊಳ್ಳಲ್ಲ."

ಅವನು ಆಯಿತು ಎಂದು ತಲೆಯಾಡಿಸಿದ್ದ.

ಈಗ ಪುನೀತನಿಗೆ ಮೂವತ್ತಾರು. ಗಾಲಿಕುರ್ಚಿ ಬಿಟ್ಟು ಏಳಲಾಗುವುದಿಲ್ಲ. ಒಂದೊಂದೇ ಪದವನ್ನು ಒತ್ತಿ ಒತ್ತಿ ಆಡುತ್ತಾನೆ. ಅಣ್ಣ ತಂಗಿ ಪುಣೆಯ ಧನಕವಡಿಯಲ್ಲಿ ನೆಲಮಹಡಿಯ ಫ್ಲ್ಯಾಟ್ ಹಿಡಿದು ತಾಯಿ ರುಕ್ಮಿಣಮ್ಮನನ್ನು ಕರೆಸಿಕೊಂಡಿದ್ದಾರೆ. ಹಗಲು ಅವನನ್ನು ಎತ್ತಿ ಇಳಿಸಿ ಸ್ನಾನ ಮಾಡಿಸಲು ಸುರಪುರದ ಕಡೆಯ ಹುಲಿಗೆಪ್ಪ ಬರುತ್ತಾನೆ. ಕಟ್ಟಡದ ಸೆಂಟ್ರಿಂಗ್ ಕೆಲಸ ಬಿಟ್ಟು ಈ ಕೆಲಸಕ್ಕೆ ಬಂದವನು. ಅವನ ಹೆಂಡತಿ ಯಮನವ್ವ ಹತ್ತಿರದ ಕಾಲೇಜೊಂದರಲ್ಲಿ ಕಸ ಗುಡಿಸುತ್ತಾಳೆ.

ಭಾನುವಾರ ತಿಂಡಿಯಾದ ಮೇಲೆ ಅಣ್ಣ ತಂಗಿ ಆಡುವುದು ಮಾತ್ರ ತಪ್ಪಿಲ್ಲ. ಐದನೇ ಆವೃತ್ತಿಯಲ್ಲಿ ಚಿಕ್ಕಮಕ್ಕಳಿಗೆಂದು ಒಂದು ಅನುಕೂಲ ಇಟ್ಟಿದ್ದಾರೆ. ಅಸಿಸ್ಟ್ ಎಂದು ಅದರ ಹೆಸರು. ಅದನ್ನು ಹಾಕಿಕೊಂಡರೆ ಕಾರ್ಟು ಅಂಚಿಗೆ ಬಂದಾಗ ತಾನೇ ಒಳಕ್ಕೆ ತಿರುಗುತ್ತದೆ, ಎಷ್ಟೇ ಕೆಟ್ಟದಾಗಿ ಓಡಿಸಿದರೂ ಬೀಳುವುದಿಲ್ಲ. ನೀನಾದರೂ ಹಾಕಿಕೋ ಎಂದು ಸಿಂಧೂರ ಹೇಳಿ ನೋಡಿದ್ದಳು. ಪುನೀತ ಒಪ್ಪಿರಲಿಲ್ಲ. ಒಂದು ಆಟಕ್ಕೆ ಹತ್ತು ಹನ್ನೆರಡು ಸಲ ಬೀಳುತ್ತಿದ್ದ, ಕೊಕ್ಕರೆ ಎತ್ತಿಡುತ್ತಿತ್ತು, ಮತ್ತೆ ಹೊರಡುತ್ತಿದ್ದ. ಸಿಂಧೂರ ಮೊದಲೇ ಗುರಿ ಮುಟ್ಟಿ ಅವನಿಗಾಗಿ ಕಾಯುತ್ತಿದ್ದಳು.

ಕಳೆದ ಯುಗಾದಿಯ ಹೊತ್ತಿಗೆ ಅವನು ಅವಳಿಗೊಂದು ಹೊಸ ಕಾರ್ಟ್ ಆರಿಸಿಕೊಟ್ಟ. ಹಿಂಭಾಗದಲ್ಲಿ ದೊಡ್ಡ ಕೊಡೆಯಿರುವ, ನೋಡಲು ಪೆದ್ದುಪೆದ್ದಾದ ಕಾರ್ಟ್. ಇದು ನಿನ್ನ ಕೈಗೆ ಹೊಂದುತ್ತದೆ ಎಂದ. ಅದೇ ದಿನ ಅವಳು ಎರಡನೇ ತಿರುವಿನಲ್ಲಿ ಹಾರಲು ನೋಡಿದಾಗ ಕಾರ್ಟು ಹಾರಲಿಲ್ಲ. ಅಪ್‌ಡೇಟಿನಲ್ಲಿ ಆ ಗುಟ್ಟಿನ ದಾರಿಯನ್ನು ತೆಗೆದುಹಾಕಿದ್ದಾರೆ ಎಂದು ಪುನೀತ ಹೇಳಿದ. ಅವಳು ಇಪ್ಪತ್ತು ವರ್ಷದ ಗುಟ್ಟು ಹೋಯಿತಲ್ಲ ಎಂದು ಸ್ವಲ್ಪ ಬೇಜಾರು ಮಾಡಿಕೊಂಡು ಮರೆತಳು.

ದಸರಾ ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಶುಕ್ರವಾರ ಮಧ್ಯಾಹ್ನ ಝಿಪ್ಪಿ ಕಾರ್ಟ್ ಸ್ಪರ್ಧೆ ಇಟ್ಟರು. ಸಿಂಧೂರಳ ತಂಡದವರು ಅವಳನ್ನು ಕೇಳದೆಯೇ ಹೆಸರು ಬರೆಸಿದ್ದರು. ಅವಳ ಎದುರಿಗೆ ಕೂತವನು ಮಂಡ್ಯ ಕಡೆಯ ಪ್ರಜ್ವಲ, ಹೋದ ವರ್ಷ ಸೇರಿದ ಹುಡುಗ. ಟ್ರ್ಯಾಕ್ ಯಾವುದೆಂದು ಕೇಳಿದಾಗ ಅವಳು ಧೈರ್ಯದಿಂದ ಲ್ಯಾಂಟರ್ನ್ ರಿಜ್ ಎಂದಳು.

ಮೊದಲ ತಿರುವಿನಲ್ಲೇ ಬಿದ್ದಳು. ಎರಡನೆಯದರಲ್ಲಿ ಬಿದ್ದಳು, ಕೊಕ್ಕರೆ ಎತ್ತಿಟ್ಟ ತಕ್ಷಣ ಮತ್ತೆ ಬಿದ್ದಳು. ಬೇಕೆಂದೇ ಪ್ರಜ್ವಲನನ್ನು ಆಟವಾಡಿಸುತ್ತಿದ್ದಾಳೆ ಎಂದುಕೊಂಡು ಸುತ್ತ ನಿಂತವರು ನಕ್ಕರು. ಅಷ್ಟರಲ್ಲಿ ಪ್ರಜ್ವಲನ ಕಾರ್ಟು ಎರಡನೇ ತಿರುವಿಗೆ ಬಂದು, ತಿರುಗದೆ, ಮಂಜಿನ ಮೇಲೆ ನೇರ ಹಾರಿ ಮೂರನೆಯದರ ಆಚೆ ಇಳಿಯಿತು.

ಸಿಂಧೂರ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಆ ದಾರಿ ತೆಗೆದುಹಾಕಿರಲಿಲ್ಲವೇ ಎಂದು ಕೇಳಿದಳು. ಇಲ್ಲವಲ್ಲ, ಯಾವಾಗಲೂ ಇದೆ, ಅಸಿಸ್ಟ್ ಹಾಕಿಕೊಂಡರೆ ಮಾತ್ರ ಹಾರಲು ಬಿಡುವುದಿಲ್ಲ ಎಂದ ಪ್ರಜ್ವಲ. ಪಕ್ಕದಲ್ಲಿದ್ದ ಅವಳ ತಂಡದ ಶರ್ವರಿ, ಇವಳು ಮನೆಯಲ್ಲಿ ಅಸಿಸ್ಟ್ ಹಾಕಿಕೊಂಡೇ ಚಾಂಪಿಯನ್ ಆಗಿದ್ದಾಳೆ ಎಂದು ಮರಾಠಿಯಲ್ಲಿ ಚುಡಾಯಿಸಿದಳು. ಸಿಂಧೂರಳೂ ನಕ್ಕಂತೆ ಮಾಡಿ ಎದ್ದಳು. ಸ್ಕೂಟರನ್ನು ಆಫೀಸಿನಲ್ಲೇ ಬಿಟ್ಟು ಆಟೊ ಹಿಡಿದಳು. ಸ್ಕೂಟರನ್ನು ಯಾಕೆ ಬಿಟ್ಟು ಬಂದೆ ಎಂದು ಯೋಚಿಸಲು ದಾರಿಯುದ್ದಕ್ಕೂ ಅವಳಿಗೆ ಭಯವಾಯಿತು.

ಮನೆಗೆ ಬಂದಾಗ ನಾಲ್ಕು ಗಂಟೆ. ರುಕ್ಮಿಣಮ್ಮ ತರಕಾರಿ ತರಲು ಭಾಜಿ ಮಾರ್ಕೆಟ್ಟಿಗೆ ಹೋಗಿದ್ದರು. ಹುಲಿಗೆಪ್ಪ ಹೊರಗೆ ಬಟ್ಟೆ ಒಣಹಾಕುತ್ತಿದ್ದ. ಪುನೀತ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಸಿಂಧೂರ ಚಪ್ಪಲಿಯನ್ನೂ ಬಿಡದೆ ಟೀವಿ ಹಾಕಿ ಆಟದ ಸೆಟ್ಟಿಂಗ್ ತೆರೆದಳು. ಅವನ ಹೆಸರಿನ ಮುಂದೆ ಅಸಿಸ್ಟ್ ಇರಲಿಲ್ಲ. ಅವಳ ಹೆಸರಿನ ಮುಂದೆ ಇತ್ತು. ಅದಿದ್ದರೆ ಕಾರ್ಟಿನ ಹಿಂದೆ ಪುಟ್ಟ ಹಸಿರು ದೀಪ ಉರಿಯುತ್ತದೆ ಎಂದೂ ಅಲ್ಲೇ ಬರೆದಿತ್ತು. ಕೊಡೆಯಿರುವ ಕಾರ್ಟಿನಲ್ಲಿ ಆ ದೀಪ ಕಾಣುವ ಹಾಗಿರಲಿಲ್ಲ.

"ಯಾವಾಗಿಂದ?" ಎಂದಳು.

ಪುನೀತ ಟೀವಿಯ ಕಡೆ ನೋಡಿದ. "ಯುಗಾದಿ" ಎಂದ.

"ನನ್ನ ಕೈಯಲ್ಲಿ ಏನು ನೋಡ್ದೆ?"

"ಕೈ ಅಲ್ಲ. ಕಣ್ಣು." ಅವನು ಉಸಿರು ತೆಗೆದುಕೊಂಡ. "ಮೊದ್ಲು ತಿರುವು ಬರೋ ಮುಂಚೆ ನಿನ್ನ ಕಣ್ಣು ಅಲ್ಲಿರ್ತಿತ್ತು. ಈಗ ತಿರುವು ಬಂದ್ಮೇಲೆ ಹೋಗುತ್ತೆ. ಅಪ್ಪಂಗೂ ಹಾಗೇ. ನಂಗೂ."

"ಹೇಳ್ಬೇಕಿತ್ತು ನೀನು."

"ಬೇಡ ಅಂದಿದ್ಯಲ್ಲ."

ಅದು ನಿಜವಾಗಿತ್ತು, ಆದ್ದರಿಂದಲೇ ಅವಳ ಸಿಟ್ಟು ನೆತ್ತಿಗೇರಿತು. ದಿನವೂ ಕೊಂಢವಾ ರಸ್ತೆಯಲ್ಲಿ ಟ್ರಕ್ಕುಗಳ ನಡುವೆ ಸ್ಕೂಟರ್ ಓಡಿಸುತ್ತೇನೆ, ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೇನೆ, ಅಲ್ಲಿ ಯಾವ ಕೊಕ್ಕರೆ ಬಂದು ಎತ್ತುತ್ತದೆ ಎಂದು ಕೇಳಿದಳು. ಅದು ನಿನಗೆ ಹೊಳೆಯಲೇ ಇಲ್ಲವಾ ಎಂದಳು.

"ಹೊಳೀತು," ಎಂದ ಪುನೀತ. "ದಿನಾ ಆರೂವರೆಗೆ... ಗೇಟಿನ ಸದ್ದಿಗೆ ಕಾಯ್ತಿದ್ದೆ."

ಅವನು ಅಳತೊಡಗಿದ. ಒಮ್ಮೆ ಶುರುವಾದರೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಹುಲಿಗೆಪ್ಪ ಒಳಗೆ ಬಂದು ಬೆನ್ನು ಸವರಿದ. ಸಿಂಧೂರ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಏಳು ತಿಂಗಳು ಅವನು ಒಬ್ಬನೇ ಇದನ್ನು ಹೊತ್ತುಕೊಂಡು, ಪ್ರತಿ ಭಾನುವಾರ ಅವಳ ಪಕ್ಕ ಕೂತು, ತಾನು ಬೀಳುತ್ತ ಅವಳನ್ನು ಬೀಳದಂತೆ ನೋಡಿಕೊಂಡಿದ್ದ. ಅದು ಅರ್ಥವಾಗುತ್ತಿತ್ತು. ಆದರೂ ಹನ್ನೊಂದು ದಿನ ಅವನ ಜೊತೆ ಮಾತಾಡಲು ಅವಳಿಗೆ ಆಗಲಿಲ್ಲ. ಮಕ್ಕಳು ಯಾಕೆ ಮುನಿಸಿಕೊಂಡಿದ್ದಾರೆಂದು ರುಕ್ಮಿಣಮ್ಮ ಇಬ್ಬರನ್ನೂ ಕೇಳಿದರು, ಇಬ್ಬರೂ ಹೇಳಲಿಲ್ಲ.

ಆ ದಿನಗಳಲ್ಲೇ ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರು ಪೆನ್ನನ್ನು ಅತ್ತಿತ್ತ ಆಡಿಸಿ ತಲೆ ತಿರುಗಿಸದೆ ಕಣ್ಣಲ್ಲೇ ನೋಡಲು ಹೇಳಿದರು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆಸಿದರು. ಎಂಟನೇ ಹೆಜ್ಜೆಗೆ ಅವಳು ಗೋಡೆ ಹಿಡಿದಳು. ರಕ್ತದ ವರದಿಗೆ ಮೂರು ವಾರ ಹಿಡಿಯಿತು. ಕವರು ಕೊಡುವ ಮುಂಚೆ ಜೊತೆಗೆ ಯಾರಾದರೂ ಬಂದಿದ್ದಾರಾ ಎಂದು ಕೌಂಟರಿನ ಹೆಂಗಸು ಮರಾಠಿಯಲ್ಲಿ ವಿಚಾರಿಸಿದಾಗಲೇ ಅವಳಿಗೆ ತಿಳಿದುಹೋಯಿತು. ಅಪ್ಪನಿಗೂ ಅಣ್ಣನಿಗೂ ಬರೆದಿದ್ದ ರೋಗದ ಹೆಸರೇ ಅದರಲ್ಲಿತ್ತು.

ಮೊದಲು ಹೇಳಿದ್ದು ಪುನೀತನಿಗೆ. "ಹೌದಂತೆ," ಎಂದಳು ಅಷ್ಟೇ. ಅವನು ಮಂಡಿಯ ಮೇಲಿದ್ದ ಕೈಯನ್ನು ಎತ್ತಿ ಅವಳ ಕೈ ಮೇಲೆ ಇಡಲು ನೋಡಿದ. ಗುರಿ ತಪ್ಪಿ ಅದು ಕುರ್ಚಿಯ ತೋಳಿಗೆ ಬಡಿಯಿತು. ಎರಡನೇ ಸಲಕ್ಕೆ ಸಿಕ್ಕಿತು.

ಆ ಭಾನುವಾರ ಅವರು ಅಸಿಸ್ಟ್ ತೆಗೆದುಹಾಕಿ ದೀಪದ ದಿಬ್ಬ ಹತ್ತಿದರು. ಅವಳು ಒಂಬತ್ತು ಸಲ ಬಿದ್ದಳು, ಅವನು ಹದಿನಾಲ್ಕು. ಆಟ ಮುಗಿದ ಮೇಲೆ ಅವಳು ಟೀವಿ ಆರಿಸಿ, ಅಡುಗೆಮನೆಗೆ ಹೋಗಿ, ಹುರುಳಿಕಾಯಿ ಸೋಸುತ್ತಿದ್ದ ಅಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಅಣ್ಣ ಮುಚ್ಚಿಟ್ಟಿದ್ದನ್ನು ಮಾತ್ರ ಬಿಟ್ಟಳು.

ರುಕ್ಮಿಣಮ್ಮ ಅಳಲಿಲ್ಲ. ಗಂಡನಿಗೆ ಅತ್ತಿದ್ದರು, ಮಗನಿಗೆ ಅತ್ತಿದ್ದರು. ಕೈಯಲ್ಲಿದ್ದ ಕಾಯಿಯ ನಾರು ತೆಗೆದು, ಇನ್ನೊಂದನ್ನು ತೆಗೆದುಕೊಂಡು, ಅದನ್ನೂ ಸೋಸಿದರು. ಬುಟ್ಟಿ ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಹುಲಿಗೆಪ್ಪನನ್ನು ಕರೆದರು.

"ನಿಮ್ಮ ಯಮನವ್ವಂಗೆ ಈ ಕೆಲಸ ಕಲಿಯೋಕಾಗುತ್ತಾ?" ಎಂದು ಕೇಳಿದರು. "ಈಗಲ್ಲ ಬೇಕಾಗಿರೋದು. ನಾಲ್ಕೈದು ವರ್ಷ ಆದ್ಮೇಲೆ. ಆಗ ನನ್ನ ಕೈಲಿ ಎತ್ತೋಕಾಗಲ್ಲ. ಹೆಣ್ಣುಮಗಳನ್ನ ನೀವು ಎತ್ತೋ ಹಾಗಿಲ್ಲ."

ಹುಲಿಗೆಪ್ಪ ಸಿಂಧೂರಳ ಮುಖ ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

"ನಾಕೈದ್ ವರ್ಷದ್ ಮಾತ ನಾ ಹ್ಯಾಂಗ ಕೊಡ್ಲಿರಿ ಅಮ್ಮಾರ," ಎಂದ ಮೆಲ್ಲಗೆ. "ಎಲ್ಲಿರ್ತೀವೋ ಏನೋ. ಆಕಿನ್ನ ಕೇಳಿ ಹೇಳ್ತೀನ್ರಿ."

ಮುಂದಿನ ಭಾನುವಾರ ಮಧ್ಯಾಹ್ನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಯಮನವ್ವ ಸಣ್ಣ ಮೈಕಟ್ಟಿನ ಹೆಂಗಸು, ಮಾತು ಕಡಿಮೆ. ಊರಿಗೆ ಹೋಗುವುದಿಲ್ಲವೆಂದು ಮಾತು ಕೊಡಲಾರೆ, ಇರುವಷ್ಟು ದಿನ ಬರುತ್ತೇನೆ, ಕೆಲಸ ಕಲಿತಿಟ್ಟುಕೊಂಡರೆ ನಷ್ಟವೇನಿಲ್ಲ ಎಂದಳು. ಮೊದಲ ಸಲಕ್ಕೇ ಅವಳು ಎತ್ತಲು ಪುನೀತ ತೀರ ಭಾರ. ಯಾರ ಮೇಲೆ ಕಲಿಸುವುದೆಂದು ಹುಲಿಗೆಪ್ಪ ಹಿಂದೆಮುಂದೆ ನೋಡುತ್ತಿದ್ದಾಗ ಸಿಂಧೂರ ತಾನೇ ಹೋಗಿ ಮರದ ಕುರ್ಚಿಯ ಮೇಲೆ ಕೂತಳು.

"ಕಂಕುಳದಾಗ ಕೈ ಹಾಕು," ಎಂದು ಹುಲಿಗೆಪ್ಪ ಹೆಂಡತಿಗೆ ಹೇಳಿಕೊಟ್ಟ. "ಮೊಣಕಾಲಿಗೆ ಮೊಣಕಾಲು ಕೊಡು. ಬೆನ್ನ ಬಗ್ಗಿಸಬ್ಯಾಡ."

ಯಮನವ್ವನ ಕೈಗಳು ಒರಟಾಗಿದ್ದವು, ಫಿನಾಯಿಲಿನ ವಾಸನೆಯಿತ್ತು. ಮೊದಲ ಸಲ ಎತ್ತಲು ಬಂದಾಗ ಸಿಂಧೂರ ತನಗೆ ಗೊತ್ತಿಲ್ಲದೆ ಕಾಲೂರಿ ತಾನೇ ಎದ್ದುಬಿಟ್ಟಳು. ಹಾಗೆ ಏಳಬಾರದು, ಮೈ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಇವಳಿಗೆ ಭಾರ ಗೊತ್ತಾಗುವುದಿಲ್ಲ ಎಂದ ಹುಲಿಗೆಪ್ಪ. ಬಾಗಿಲ ಬಳಿ ರುಕ್ಮಿಣಮ್ಮ ನಿಂತಿದ್ದರು. ಪುನೀತ ಕಿಟಕಿಯ ಕಡೆಗೆ ಮುಖ ತಿರುಗಿಸಿದ್ದ.

ಸಿಂಧೂರ ಮತ್ತೆ ಕೂತಳು. ಕೈಕಾಲುಗಳನ್ನು ಸಡಿಲ ಬಿಟ್ಟು ತಲೆಯನ್ನು ಯಮನವ್ವನ ಹೆಗಲಿಗೆ ಆನಿಸಿದಳು. ಈ ಸಲ ಅವಳು ಏನೂ ಮಾಡಲಿಲ್ಲ. ಯಮನವ್ವ ಒಂದು ಸಲ ಏದುಸಿರುಬಿಟ್ಟು ಅವಳನ್ನು ಕುರ್ಚಿಯಿಂದ ಮೇಲಕ್ಕೆತ್ತಿದಳು.