ಅಂಗಡಿಯವರ ಮಗಳು ಊಟಕ್ಕೆ ಬರುತ್ತಾಳೆ

೧

ಕೋಳಿಯಿಂದ ಶುರು ಮಾಡಲೇ, ಸುಳ್ಳಿನಿಂದಲೇ? ಕೋಳಿಯಿಂದ ಅಂದರೆ ಅಡುಗೆ ಪುಸ್ತಕದಂತಾಗುತ್ತದೆ. ಸುಳ್ಳಿನಿಂದ ಅಂದರೆ ಮಗಳು ಮುನಿಸಿಕೊಳ್ಳುತ್ತಾಳೆ. ಮುನಿಸಿಕೊಳ್ಳಲಿ, ಸುಳ್ಳು ಅವಳದೇ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಚೀನೀ ಬಾರ್ಬೆಕ್ಯೂ ಅಂಗಡಿ. ಗಾಜಿನ ಹಿಂದೆ ಕೊಕ್ಕೆಗಳಲ್ಲಿ ಕೆಂಪಗೆ ಹೊಳೆಯುವ ಕೋಳಿಗಳು. ಆ ಅಂಗಡಿಯವರ ಮಗಳೂ ನನ್ನ ಮಗಳೂ ಒಂದೇ ತರಗತಿ. ಮಾತಿಗೆ ಮಾತು ಬೆಳೆದು ನನ್ನ ಮಗಳು ಎಲ್ಲರೆದುರು ಅಂದುಬಿಟ್ಟಳಂತೆ: "ನಮ್ಮಮ್ಮ ಮನೇಲೇ ಮಾಡ್ತಾಳೆ. ನಿಮ್ಮಂಗಡೀದಕ್ಕಿಂತ ಚೆನ್ನಾಗಿ."

"ಹಾಗಾದ್ರೆ ಭಾನುವಾರ ಊಟಕ್ಕೆ ಬರ್ತೀನಿ," ಎಂದಳಂತೆ ಅವಳು.

(ನಾನು ಆ ಕೋಳಿಯನ್ನು ಜನ್ಮದಲ್ಲಿ ಮಾಡಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲಿಡೀ ಹಾಸಿಗೆಬಟ್ಟೆ ಮಡಚಿ ಬಂದವಳು ಮೊಟ್ಟೆ ಬೇಯಿಸಿದರೇ ಹೆಚ್ಚು. ಸ್ವಾಮಿ ಓದುಗರೇ, ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ಕೆಲಸವಿದೆ.)

೨

ಮೊದಲ ಕರಡಿನಲ್ಲಿ ತಾಯಿ ಮಗಳನ್ನು ಕೂರಿಸಿಕೊಂಡು ಸತ್ಯದ ಮಹತ್ವ ತಿಳಿಸಿದ್ದಳು. ಓದಿ ನನಗೇ ಆಕಳಿಕೆ ಬಂತು. ಹರಿದುಹಾಕಿದೆ. ಆದದ್ದು ಇಷ್ಟೇ:

"ಹೋಗಿ ಒಪ್ಕೊಂಡ್ಬಿಡ್ಲಾ?" ಮಗಳು ನೆಲ ನೋಡುತ್ತ ಕೇಳಿದಳು. "ಎಲ್ರೂ ನಗ್ತಾರೆ."

"ಏನೂ ಬೇಡ. ಮಾಡೋಣ."

"ನಿಂಗೆ ಬರುತ್ತಾ?"

"ಭಾನುವಾರದೊಳಗೆ ಬರುತ್ತೆ."

೩

ಶನಿವಾರ. ಸೋಯಾ ಸಾಸ್, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಚಕ್ರಮೊಗ್ಗು ಎಲ್ಲ ಕೋಳಿಯ ಹೊಟ್ಟೆಯೊಳಗೆ. ಚರ್ಮದ ಮೇಲೆ ಕುದಿಯುವ ನೀರು, ಆಮೇಲೆ ಜೇನು, ವಿನೆಗರ್. ಗುಟ್ಟು ಒಂದೇ: ಚರ್ಮ ಕಾಗದದಂತೆ ಒಣಗಬೇಕು. ಅದಕ್ಕೇ ಮುಚ್ಚದೆ ಫ್ರಿಜ್ಜಿನಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಕೋಳಿಯ ಮೇಲೆ ದೊಡ್ಡ ಪಾತ್ರೆ ಬೋರಲು, ಅದರ ಸುತ್ತ ಒದ್ದೆ ಬಟ್ಟೆ ಬೇರೆ. ಚರ್ಮ ಈಗಷ್ಟೇ ಸ್ನಾನ ಮಾಡಿ ಬಂದ ಹಾಗಿತ್ತು.

(ಇಲ್ಲಿ ನಮ್ಮತ್ತೆ ಕತೆಯೊಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ.)

"ನನ್ನ ವಿಲನ್ ಮಾಡ್ತಿದ್ದೀಯಾ?"

"ಇಲ್ಲ ಅತ್ತೆ. ಆದದ್ದು ಬರೀತಿದ್ದೀನಿ."

"ತೆರೆದಿಟ್ಟದ್ದನ್ನ ಮುಚ್ಚೋದು ತಪ್ಪೇನಮ್ಮ? ಸುಸ್ತಾಗಿ ಮರೆತಿದ್ದೀಯ ಅಂದ್ಕೊಂಡೆ."

"ನಿಮ್ಮ ಒಳ್ಳೇತನಾನೂ ಬರೀತೀನಿ."

"ಅದೊಂದು ಬಾಕಿ. ಟೇಬಲ್ ಫ್ಯಾನ್ ಎಲ್ಲಿಟ್ಟಿದ್ದೀಯ ಹೇಳು."

ಅತ್ತೆ ಫ್ಯಾನ್ ಹಿಡಿದರು, ಮಗಳು ಹೇರ್‌ಡ್ರೈಯರ್ ತಂದಳು, ನಾನು ಕೋಳಿಯ ರೆಕ್ಕೆ ಎತ್ತಿ ಹಿಡಿದೆ. "ನಿನ್ನ ತಲೇನೂ ಇಷ್ಟು ಒಣಗಿಸಿಲ್ಲ ಕಣೇ ನಾನು," ಎಂದರು ಅತ್ತೆ ಮೊಮ್ಮಗಳಿಗೆ.

೫

(೪ರಲ್ಲಿ ನಾನು ಅಂಗಡಿಗೆ ಓಡಿ ಒಂದು ಕೋಳಿ ಕೊಂಡು ತಂದಿದ್ದೆ. ಯೋಚನೆ ಬಂದದ್ದು ನಿಜ. ಅಪ್ಪನ ಕೈಕೆಲಸ ಆ ಹುಡುಗಿಗೆ ಗೊತ್ತಾಗದೇ? ಅದನ್ನೂ ಹರಿದುಹಾಕಿದೆ.)

ಈಗ ಮುಕ್ತಾಯ. ಮಗಳಿಗೆ ಬೇಕಾದದ್ದು: ಚರ್ಮ ಕರಕರ ಅನ್ನಬೇಕು, ಅಂಗಡಿಯವರ ಮಗಳು ಬಾಯಿ ಮುಚ್ಚಬೇಕು. ಅತ್ತೆಗೆ ಬೇಕಾದದ್ದು: ಕೋಳಿ ಸೀದುಹೋಗಿ, ತಾವು ಬೇಯಿಸಿದ ಆಲೂಗಡ್ಡೆಯನ್ನೇ ಎಲ್ಲರೂ ಹೊಗಳಿ ತಿನ್ನಬೇಕು. ಎರಡನ್ನೂ ಬರೆದು ನೋಡಿದೆ. ಎರಡರಲ್ಲೂ ಆ ಹುಡುಗಿ ಬರೀ ಒಂದು ಬಾಯಿ. ಸರಿ, ಅವಳೇ ಬರಲಿ ಎಂದು ಬಾಗಿಲು ತೆಗೆದೆ.

"ಇಷ್ಟು ಬೇಗ?" ಮಗಳು ಹುಬ್ಬು ಗಂಟಿಕ್ಕಿದಳು.

"ಕೋಳಿ ಹೊರಗೆ ತೆಗೆಯೋದನ್ನ ನೋಡ್ಬೇಕಿತ್ತು." ಹುಡುಗಿ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಬಿಸಿಬಿಸೀದೆಲ್ಲ ಗಿರಾಕಿಗಳಿಗೆ, ಆಂಟಿ. ಬಾಗಿಲು ಹಾಕಿದ್ಮೇಲೆ ಉಳಿದಿದ್ದು ನಮಗೆ. ಅಷ್ಟೊತ್ತಿಗೆ ಚರ್ಮ ರಬ್ಬರ್ ಆಗಿರುತ್ತೆ."

ಮಗಳು ನನ್ನ ಮುಖ ನೋಡಿದಳು. ನಾನೇನೂ ಬರೆದುಕೊಡಲಿಲ್ಲ. ಅವಳೇ ಹೋಗಿ ಪಕ್ಕದಲ್ಲಿ ಕೂತಳು.

"ಅವತ್ತು ಹೇಳಿದ್ದು ಸುಳ್ಳು. ಅಮ್ಮ ಮಾಡ್ತಿರೋದು ಇದೇ ಮೊದಲ್ನೇ ಸಲ."

"ಗೊತ್ತು," ಎಂದಳು ಹುಡುಗಿ, ಗಾಜಿನಿಂದ ಕಣ್ಣು ಕೀಳದೆ. "ಒಂದ್ಸಲ ಮಾಡಿದವ್ರು ಯಾರೂ ಇನ್ನೊಂದ್ಸಲ ಮನೇಲಿ ಮಾಡಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ.

ಚರ್ಮ ಕರಕರ ಆಯಿತೇ ಎಂದು ನನ್ನನ್ನು ಕೇಳಬೇಡಿ. ಒಂದು ಮಗ್ಗುಲು ಕೆಂಪಾಗಿದೆ, ಇನ್ನೊಂದು ಇನ್ನೂ ಬೆಳ್ಳಗಿದೆ, ಕೊನೆಯ ಸಲದ ಜೇನು ಸವರಬೇಕು. ಕತೆಯನ್ನು ಅರ್ಧಕ್ಕೆ ಬಿಟ್ಟರೂ ನಡೆಯುತ್ತದೆ. ಇದನ್ನು ಬಿಡುವ ಹಾಗಿಲ್ಲ.

"ಇಬ್ರೂ ಸ್ವಲ್ಪ ಹಿಂದೆ ಸರೀರಿ. ತಿರುಗಿಸ್ತೀನಿ."